ಡೇಟ್ ಮುಂದೆ ಮುಂದೆ ಹೋಗ್ತಿದೆ, ಬ್ಲೀಡಿಂಗೂ ಕಮ್ಮಿ ಆಗಿದೆ, ನನಗೆ ಮಕ್ಕಳಾಗಲ್ವಾ?

ಪ್ರಶ್ನೆ: ಮೇಡಂ, ನನಗೆ 31 ವರ್ಷ, ತಿಪಟೂರು ಹತ್ರ ಸ್ಕೂಲಲ್ಲಿ ಟೀಚರ್. ಮದುವೆ ಆಗಿ ಎರಡು ವರ್ಷ ಆಯ್ತು. ಯಜಮಾನ್ರಿಗೆ ಬೆಂಗಳೂರಲ್ಲಿ ಕೆಲಸ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಹೋಗ್ತಾರೆ. ಮದುವೆಗೆ ಮುಂಚೆ 28-30 ದಿನಕ್ಕೆ ಕರೆಕ್ಟಾಗಿ ಡೇಟ್ ಆಗ್ತಿತ್ತು, ಐದು ದಿನ ಬ್ಲೀಡಿಂಗ್ ಇರ್ತಿತ್ತು. ಈಗ ಒಂದೂವರೆ ವರ್ಷದಿಂದ 34, 41, 38, 52 ಹೀಗೆಲ್ಲಾ ಹೋಗ್ತಿದೆ, ಬ್ಲೀಡಿಂಗ್ ಎರಡು ಎರಡೂವರೆ ದಿನಕ್ಕೇ ನಿಂತು ಹೋಗುತ್ತೆ. ತೂಕ 58 ಇದ್ದಿದ್ದು 67 ಆಗಿದೆ. ಸ್ಕ್ಯಾನಿಂಗ್‌ನಲ್ಲಿ ಎರಡೂ ಅಂಡಾಶಯದಲ್ಲಿ ನೀರುಗುಳ್ಳೆ ಇದೆ, ಪಿಸಿಒಡಿ ಅಂದ್ರು. ಒಂಬತ್ತು ತಿಂಗಳಿಂದ ಮಗುಗೆ ಟ್ರೈ ಮಾಡ್ತಿದೀವಿ, ಅದರಲ್ಲಿ ಮೂರು ತಿಂಗಳು ಡೇಟ್ ಸರಿ ಮಾಡೋಕೆ ಅಂತ 21 ದಿನದ ಮಾತ್ರೆ ತಗೊಂಡೆ, ಆಗ ಸರಿಯಾಗಿ ಬಂತು, ಬಿಟ್ಟ ಮೇಲೆ ಮತ್ತೆ ಹಾಗೇ. ಫೋನಲ್ಲಿ ಆ್ಯಪ್ 12ರಿಂದ 16ನೇ ದಿನ ಒಳ್ಳೇದು ಅಂತ ತೋರಿಸುತ್ತೆ, ಅದರ ಪ್ರಕಾರಾನೇ ಸೇರ್ತೀವಿ. ಗೃಹಪ್ರವೇಶಕ್ಕೆ ಒಂದ್ಸಲ, ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದ್ಸಲ ಡೇಟ್ ಮುಂದೆ ಹಾಕೋ ಮಾತ್ರೆ ತಗೊಂಡಿದ್ದೆ, ಅದರಿಂದಾನೇ ಹೀಗಾಗಿದ್ದು ಅಂತಾರೆ ಅತ್ತೆ. ಬ್ಲೀಡಿಂಗ್ ಕಮ್ಮಿ ಆದ್ರೆ ಮೊಟ್ಟೆ ಖಾಲಿ ಆಗ್ತಾ ಬಂತು ಅಂತ ಅರ್ಥ, ಮೊಟ್ಟೆ ಎಷ್ಟು ಉಳಿದಿದೆ ಅಂತ ನೋಡೋ ಎಎಂಎಚ್ ಟೆಸ್ಟ್ ಮಾಡಿಸು ಅಂತಾಳೆ ನಾದಿನಿ. ಯಜಮಾನ್ರು ಯಾವ ಟೆಸ್ಟೂ ಮಾಡಿಸಿಲ್ಲ. ಇವತ್ತಿಗೆ 44 ದಿನ ಆಯ್ತು. ನನ್ನಿಂದ ಮಕ್ಕಳಾಗಲ್ವಾ, ನೇರವಾಗಿ ಹೇಳಿ ಮೇಡಂ.

ಉತ್ತರ: ನೇರವಾಗಿ ಕೇಳಿದೀರಿ, ನೇರವಾಗೇ ಹೇಳ್ತೀನಿ. ನೀವು ಬರೆದಿರೋದ್ರಲ್ಲಿ ನಿಮಗೆ ಮಕ್ಕಳಾಗಲ್ಲ ಅಂತ ಹೇಳೋ ಒಂದು ವಿಷಯಾನೂ ನನಗೆ ಕಾಣ್ಲಿಲ್ಲ. ಕಂಡಿದ್ದು ಏನಂದ್ರೆ, ನಿಮಗೆ ಮೊಟ್ಟೆ ಬಿಡುಗಡೆ ತಡವಾಗಿ ಆಗ್ತಿರಬಹುದು, ಕೆಲವು ಸಲ ಆಗದೇನೂ ಇರಬಹುದು, ಆದ್ರೆ ನೀವಿಬ್ರೂ ಸೇರ್ತಿರೋದು ಅದು ಬರೋ ಮುಂಚೇನೇ. ಅದನ್ನ ಲೆಕ್ಕ ಹಾಕಿ ತೋರಿಸ್ತೀನಿ, ಒಂದು ಪೇಪರ್ ಪೆನ್ನು ಇಟ್ಕೊಳಿ.

ಮುಟ್ಟಿನ ಲೆಕ್ಕ ಅಂದ್ರೆ ಬ್ಲೀಡಿಂಗ್ ಶುರುವಾದ ದಿನದಿಂದ ಮುಂದಿನ ಸಲ ಶುರುವಾಗೋ ದಿನದ ತನಕ. ದೊಡ್ಡೋರಲ್ಲಿ 24ರಿಂದ 38 ದಿನದ ಒಳಗೆ ಬಂದ್ರೆ ಅದು ನಾರ್ಮಲ್ಲೇ, ಎಲ್ಲರಿಗೂ 28ಕ್ಕೇ ಆಗ್ಬೇಕು ಅಂತೇನಿಲ್ಲ. ಈ ಲೆಕ್ಕದಲ್ಲಿ ಎರಡು ಭಾಗ ಇದೆ, ಮೊಟ್ಟೆ ಬಲಿತು ಹೊರಗೆ ಬರೋ ತನಕ ಒಂದು ಭಾಗ, ಬಂದ ಮೇಲೆ ಮುಟ್ಟಾಗೋ ತನಕ ಇನ್ನೊಂದು ಭಾಗ. ಎರಡನೇ ಭಾಗ ಹೆಚ್ಚುಕಮ್ಮಿ 14 ದಿನ, ಅದು ಜಾಸ್ತಿ ಬದಲಾಗಲ್ಲ. ಎಳೆದಾಡೋದೆಲ್ಲ ಮೊದಲನೇ ಭಾಗಾನೇ. ಹಾಗಾಗಿ ನಿಮ್ಮ ದಿನಗಳಿಂದ 14 ಕಳೀರಿ. 34 ದಿನಕ್ಕೆ ಆದ ಸಲ ಮೊಟ್ಟೆ ಬಿಡುಗಡೆ ಆಗಿದ್ದು ಸುಮಾರು 20ನೇ ದಿನ, 38ಕ್ಕೆ ಆದಾಗ 24ನೇ ದಿನ, 41ಕ್ಕೆ ಆದಾಗ 27ನೇ ದಿನ, 52ಕ್ಕೆ ಆದಾಗ ಆಗಿದ್ರೆ 38ನೇ ದಿನ. ಹೊರಗೆ ಬಂದ ಮೊಟ್ಟೆ ಬದುಕೋದು 12ರಿಂದ 24 ಗಂಟೆ ಅಷ್ಟೇ, ವೀರ್ಯಾಣು ಒಳಗೆ ಹೆಚ್ಚಂದ್ರೆ 5 ದಿನ ಬದುಕುತ್ತೆ. ಅಂದ್ರೆ ಗರ್ಭ ನಿಲ್ಲೋ ಅವಕಾಶ ಇರೋದು ಮೊಟ್ಟೆ ಬರೋ ದಿನ ಮತ್ತು ಅದಕ್ಕೆ ಮುಂಚಿನ 5 ದಿನ, ಒಟ್ಟು 6 ದಿನ. ಈಗ ನಿಮ್ಮ ಆ್ಯಪ್ ಹೇಳೋ 12-16 ನೋಡಿ. 34 ದಿನದ ಸಲಕ್ಕೆ ಸ್ವಲ್ಪ ತಾಗುತ್ತೆ, ಮಿಕ್ಕಿದ್ದಕ್ಕೆಲ್ಲ ತಾಗೋದೇ ಇಲ್ಲ. ಆ್ಯಪ್‌ಗೆ ನೀವು ಮೊದಲು 28 ಅಂತ ಹಾಕಿರ್ತೀರಿ, ಅದು 28ರ ಲೆಕ್ಕಾನೇ ಹೇಳ್ತಾ ಹೋಗುತ್ತೆ, ನಿಮ್ಮ ಅಂಡಾಶಯದೊಳಗೆ ಏನಾಗ್ತಿದೆ ಅಂತ ಅದಕ್ಕೆ ಗೊತ್ತಾಗಲ್ಲ.

ಇನ್ನೊಂದು ಕಡೆ ಒಂಬತ್ತು ತಿಂಗಳು ಅಂತ ಬರೆದಿದೀರಿ. ಅದರಲ್ಲಿ ಮೂರು ತಿಂಗಳು 21 ದಿನದ ಮಾತ್ರೆ ತಗೊಂಡ್ರಲ್ಲ, ಅದು ಯಾವ ಮಾತ್ರೆ ಅಂತ ನಿಮಗೆ ಯಾರೂ ಬಿಡಿಸಿ ಹೇಳಿಲ್ಲ ಅನ್ಸುತ್ತೆ. ನನಗೆ ಇದು ನಿಜವಾಗ್ಲೂ ಬೇಜಾರಾಗೋ ವಿಷಯ, ಎಷ್ಟೋ ಹೆಣ್ಮಕ್ಕಳು ಬಂದು ಆರು ತಿಂಗಳಿಂದ ಪಿಸಿಒಡಿ ಮಾತ್ರೆ ತಗೋತಿದೀನಿ ಮಗುಗೂ ಟ್ರೈ ಮಾಡ್ತಿದೀನಿ ಆದ್ರೂ ಆಗ್ತಿಲ್ಲ ಅಂತ ಅಳ್ತಾರೆ, ಸ್ಟ್ರಿಪ್ ತೆಗೆದು ನೋಡಿದ್ರೆ ಅದು ಗರ್ಭನಿರೋಧಕ ಮಾತ್ರೆ. ಪಿಸಿಒಡಿಗೆ ಅದು ಒಳ್ಳೇ ಔಷಧಿನೇ, ಮೊಡವೆ, ಗಡ್ಡದ ಹತ್ರ ಕೂದಲು, ತಿಂಗಳುಗಟ್ಲೆ ಮುಟ್ಟಾಗದೇ ಇರೋದು ಇದಕ್ಕೆಲ್ಲ ಕೆಲಸ ಮಾಡುತ್ತೆ, ಗರ್ಭಕೋಶದ ಒಳಪದರ ದಪ್ಪ ಆಗೋದನ್ನೂ ತಡೆಯುತ್ತೆ. ಆದ್ರೆ ಅದು ಕೆಲಸ ಮಾಡೋದೇ ಮೊಟ್ಟೆ ಬಿಡುಗಡೆ ನಿಲ್ಲಿಸಿ. ತಗೊಂಡಾಗ ಸರಿಯಾಗಿ ಬಂತು ಅಂದ್ರಲ್ಲ, ಅದು ಮಾತ್ರೆ ನಿಲ್ಲಿಸಿದ ಏಳು ದಿನದ ಗ್ಯಾಪಲ್ಲಿ ಬರೋ ಬ್ಲೀಡಿಂಗ್, ಯಾರು ತಗೊಂಡ್ರೂ ಹಾಗೇ ಬರುತ್ತೆ. ಅದರಿಂದ ನಿಮಗೆ ಯಾವ ಹಾನಿನೂ ಆಗಿಲ್ಲ, ಬಿಟ್ಟ ಮೇಲೆ ಅದರ ಪ್ರಭಾವಾನೂ ಉಳಿಯಲ್ಲ, ಆದ್ರೆ ಆ ಮೂರು ತಿಂಗಳನ್ನ ಟ್ರೈ ಮಾಡಿದ ಲೆಕ್ಕದಿಂದ ತೆಗೆದುಬಿಡಿ.

ಉಳಿದಿದ್ದು ಆರು ತಿಂಗಳು. 28 ದಿನಕ್ಕೆ ಆಗೋರಿಗೆ ವರ್ಷಕ್ಕೆ 13 ಅವಕಾಶ ಸಿಕ್ಕಿದ್ರೆ 40 ದಿನಕ್ಕೆ ಆಗೋರಿಗೆ ಸಿಗೋದು 9. ಆರು ತಿಂಗಳಲ್ಲಿ ನಿಮಗೆ ಸಿಕ್ಕಿದ್ದು ನಾಲ್ಕೋ ಐದೋ, ಅದರಲ್ಲೂ ಯಜಮಾನ್ರು ಇದ್ದಿದ್ದು ಬರೀ ಭಾನುವಾರ, ಆ ಭಾನುವಾರ ಆ್ಯಪ್ ಹೇಳಿದ ದಿನಕ್ಕೆ ಹೊಂದಿದ್ರೆ ಮಾತ್ರ. ಹಾಗಾಗಿ ನೀವು ನಿಜವಾಗಿ ಪ್ರಯತ್ನ ಪಟ್ಟಿರೋದು ಒಂದೋ ಎರಡೋ ಸಲ ಅಷ್ಟೇ. ಎಲ್ಲಾ ಸರಿ ಇರೋ ಗಂಡ ಹೆಂಡತಿಗೂ ಒಂದೇ ತಿಂಗಳಿಗೆ ಆಗಿಬಿಡಲ್ಲ, ವರ್ಷದೊಳಗೆ ನೂರಕ್ಕೆ 80ಕ್ಕೂ ಜಾಸ್ತಿ ಜನಕ್ಕೆ ಆಗುತ್ತೆ, ಮಿಕ್ಕಿದೋರಲ್ಲಿ ಸುಮಾರು ಅರ್ಧ ಜನಕ್ಕೆ ಎರಡನೇ ವರ್ಷದಲ್ಲಿ ಆಗುತ್ತೆ. ಎರಡು ವರ್ಷ ಆಯ್ತು ಏನೂ ವಿಶೇಷ ಇಲ್ವಾ ಅಂತ ಮದುವೆ ಮುಂಜಿಗಳಲ್ಲಿ ಕೇಳ್ತಾರಲ್ಲ, ಅವರು ಎಣಿಸೋದು ತಾಳಿ ಕಟ್ಟಿದ ದಿನದಿಂದ, ನಮಗೆ ಆ ಲೆಕ್ಕ ಬೇಡ.

ಈಗ ಬ್ಲೀಡಿಂಗ್ ವಿಷಯ, ನಿಮಗೆ ಜಾಸ್ತಿ ಹೆದರಿಕೆ ಇರೋದು ಇದರಲ್ಲೇ ಅಂತ ಗೊತ್ತಾಗುತ್ತೆ. ಮುಟ್ಟಲ್ಲಿ ಹೋಗೋದು ಗರ್ಭಕೋಶದ ಒಳಪದರ ಮತ್ತೆ ಸ್ವಲ್ಪ ರಕ್ತ. ಕೆಟ್ಟ ರಕ್ತ ಅಂತ ಒಂದು ಇಲ್ಲ, ಅದು ಒಳಗೆ ಉಳ್ಕೊಂಡು ಮೈ ಊದಿಸುತ್ತೆ ಅನ್ನೋದೂ ಇಲ್ಲ. ಮುಟ್ಟಿನ ಅಷ್ಟೂ ದಿನಕ್ಕೆ ಸೇರಿ ಸಾಮಾನ್ಯವಾಗಿ ಹೋಗೋದು 30-40 ಎಂಎಲ್, ಅಂದ್ರೆ ಎರಡರಿಂದ ಮೂರು ಟೇಬಲ್ ಸ್ಪೂನ್, 5 ಎಂಎಲ್ ಹೋದ್ರೂ ನಾರ್ಮಲ್ಲೇ. 80 ದಾಟಿದ್ರೆ ಜಾಸ್ತಿ ಅಂತೀವಿ, ಅಂಥವರಿಗೆ ಹಿಮೋಗ್ಲೋಬಿನ್ ಇಳಿಯುತ್ತೆ. ಮೊಟ್ಟೆಗೂ ರಕ್ತದ ಪ್ರಮಾಣಕ್ಕೂ ಸಂಬಂಧ ಇಲ್ಲ. ಮೊಟ್ಟೆ ಇರೋದು ಅಂಡಾಶಯದಲ್ಲಿ, ಹುಟ್ಟುವಾಗ 10ರಿಂದ 20 ಲಕ್ಷ ಇರುತ್ತೆ, ಮೈನೆರೆಯೋ ಹೊತ್ತಿಗೆ 3-4 ಲಕ್ಷ ಉಳಿಯುತ್ತೆ, ಜೀವನಪೂರ್ತಿ ಬಿಡುಗಡೆ ಆಗೋದು 400-500 ಅಷ್ಟೇ. ನಿಮ್ಮ ನಾದಿನಿ ಒಳ್ಳೇದಕ್ಕೇ ಹೇಳಿರ್ತಾರೆ, ಆದ್ರೆ ನಿಮ್ಮ ಸ್ಕ್ಯಾನಿಂಗ್ ಹೇಳ್ತಿರೋದು ಅದರ ಉಲ್ಟಾ. ನೀರುಗುಳ್ಳೆ ಅಂತ ಎಲ್ಲರೂ ಕರೀತಾರಲ್ಲ, ಅವು ಗಡ್ಡೆ ಅಲ್ಲ, ಆಪರೇಷನ್ ಮಾಡಿ ತೆಗೆಯೋ ಅಂಥದ್ದೂ ಅಲ್ಲ, ಒಂದೊಂದು ಗುಳ್ಳೆ ಒಳಗೂ ಒಂದೊಂದು ಎಳೇ ಮೊಟ್ಟೆ ಇದೆ. ಪ್ರತಿ ತಿಂಗಳು ಒಂದು ಪೂರ್ತಿ ಬಲಿತು ಹೊರಗೆ ಬರ್ಬೇಕಿತ್ತು, ಬದಲಿಗೆ ಹತ್ತಾರು ಅರ್ಧಕ್ಕೇ ನಿಂತ್ಕೊಂಡಿವೆ. ಮೊಟ್ಟೆ ಖಾಲಿ ಆದೋರ ಸ್ಕ್ಯಾನ್ ಹೀಗಿರಲ್ಲ.

ಹಾಗಾಗಿ ಎಎಂಎಚ್‌ಗೆ ದುಡ್ಡು ಹಾಕ್ಬೇಡಿ ಅಂತಾನೇ ನನ್ನ ಸಲಹೆ. ಪಿಸಿಒಡಿ ಇರೋರಲ್ಲಿ ಅದು ಸಾಮಾನ್ಯವಾಗಿ ಜಾಸ್ತಿನೇ ಬರುತ್ತೆ. ಇನ್ನೊಂದು ಮಾತು, ಬೇರೆ ತೊಂದರೆ ಇಲ್ಲದ ಹೆಂಗಸರಲ್ಲಿ ಎಎಂಎಚ್ ಕಮ್ಮಿ ಬಂದ್ರೂ ತಾನಾಗೇ ಗರ್ಭ ನಿಲ್ಲೋ ಸಾಧ್ಯತೆ ಕಮ್ಮಿ ಏನಾಗಲ್ಲ ಅಂತ 2017ರಲ್ಲಿ ಅಮೆರಿಕದ ಜಾಮಾ ಪತ್ರಿಕೆಯಲ್ಲಿ 30ರಿಂದ 44 ವಯಸ್ಸಿನವರ ಮೇಲೆ ಮಾಡಿದ ಅಧ್ಯಯನ ಬಂತು. ಐವಿಎಫ್, ಅಂದ್ರೆ ಮೊಟ್ಟೆ ಹೊರಗೆ ತೆಗೆದು ಲ್ಯಾಬಲ್ಲಿ ವೀರ್ಯಾಣು ಜೊತೆ ಸೇರಿಸೋ ಟ್ರೀಟ್‌ಮೆಂಟ್ ಮಾಡುವಾಗ ಇಂಜೆಕ್ಷನ್‌ಗೆ ಎಷ್ಟು ಮೊಟ್ಟೆ ಸಿಗಬಹುದು ಅಂತ ಅಂದಾಜು ಮಾಡೋಕೆ ಆ ಟೆಸ್ಟ್ ಬೇಕು. ಲ್ಯಾಬ್ ಪ್ಯಾಕೇಜ್‌ನಲ್ಲಿ ಆಫರ್ ಇದೆ ಅಂತ ಮಾಡಿಸಿಕೊಂಡು ಆ ನಂಬರ್ ಹಿಡ್ಕೊಂಡು ನಿದ್ದೆ ಕಳ್ಕೊಳೋರನ್ನ ದಿನಾ ನೋಡ್ತೀನಿ.

ಬ್ಲೀಡಿಂಗ್ ಕಮ್ಮಿ ಆಗೋದ್ರ ಬಗ್ಗೆ ನಾವು ತಲೆ ಕೆಡಿಸ್ಕೊಳೋದು ಎರಡು ಸಂದರ್ಭದಲ್ಲಿ. ಒಂದು, ಗರ್ಭಪಾತ ಆಗಿ ಡಿಎನ್‌ಸಿ (ಗರ್ಭಕೋಶದ ಒಳಗೆ ಕ್ಲೀನ್ ಮಾಡೋದು) ಮಾಡಿಸಿದ ಮೇಲೆ ಬರೀ ಕಲೆ ಕಾಣಿಸೋಷ್ಟು ಆಗ್ತಿದ್ರೆ, ಒಳಪದರ ಅಂಟಿಕೊಂಡಿರಬಹುದು. ಎರಡನೇದು ಟಿಬಿ. ನಮ್ಮ ದೇಶದಲ್ಲಿ ಇದನ್ನ ಮರೆಯೋ ಹಾಗಿಲ್ಲ, ಕೆಮ್ಮು ಜ್ವರ ಏನೂ ಇಲ್ಲದೆ ಟಿಬಿ ಗರ್ಭಕೋಶಕ್ಕೂ ಟ್ಯೂಬಿಗೂ ಹತ್ತಿಕೊಳ್ಳುತ್ತೆ, ಮುಟ್ಟು ಕಮ್ಮಿ ಆಗ್ತಾ ಆಗ್ತಾ ನಿಂತೇ ಹೋಗಬಹುದು. ನಿಮಗೋ ಮನೇಲಿ ಯಾರಿಗೋ ಯಾವಾಗ್ಲಾದ್ರೂ ಟಿಬಿ ಆಗಿದ್ರೆ ಡಾಕ್ಟರ್ ಕೇಳದೇ ಇದ್ರೂ ನೀವೇ ಹೇಳಿ. ಎರಡೂ ಇಲ್ಲ, ಎರಡು ದಿನ ಪ್ಯಾಡ್ ಬದಲಾಯಿಸೋ ಅಷ್ಟು ಬರ್ತಿದೆ ಅಂದ್ರೆ ಪ್ರಮಾಣದ ಚಿಂತೆ ಬಿಟ್ಟು ದಿನಗಳ ಕಡೆ ಗಮನ ಕೊಡಿ.

ದಿನಗಳು ಯಾಕೆ ಎಳೀತಿವೆ? ಒಂಬತ್ತು ಕೆಜಿ ಏರಿದೆ ಅಂದ್ರಲ್ಲ, ನನ್ನ ಅನುಮಾನ ಅಲ್ಲೇ. ತೂಕ ಏರಿದಾಗ, ಅದರಲ್ಲೂ ಹೊಟ್ಟೆ ಸುತ್ತ ಏರಿದಾಗ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ಅದಕ್ಕೆ ದೇಹ ಜಾಸ್ತಿ ಜಾಸ್ತಿ ಇನ್ಸುಲಿನ್ ಸುರಿಯುತ್ತೆ. ಆ ಜಾಸ್ತಿ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಗಂಡಸರ ಹಾರ್ಮೋನ್ ಜಾಸ್ತಿ ಮಾಡಿಸುತ್ತೆ, ಮೊಟ್ಟೆ ಅರ್ಧಕ್ಕೇ ನಿಲ್ಲುತ್ತೆ. ಒಣಕಲಾಗಿರೋರಿಗೂ ಪಿಸಿಒಡಿ ಬರುತ್ತೆ, ಹಾಗಾಗಿ ಎಲ್ಲಾ ತೂಕದ ಮೇಲೆ ಹಾಕೋಕಾಗಲ್ಲ, ಆದ್ರೆ ನಿಮ್ಮ ಕಥೆಯಲ್ಲಿ ತೂಕ ಮತ್ತು ಡೇಟ್ ಒಟ್ಟೊಟ್ಟಿಗೇ ಬದಲಾಗಿದೆ.

ಆದ್ರೂ ಬರೀ ಸ್ಕ್ಯಾನ್ ನೋಡಿ ಪಿಸಿಒಡಿ ಅಂತ ಹಣೆಪಟ್ಟಿ ಹಚ್ಚಬಾರದು. ಮೂರರಲ್ಲಿ ಎರಡು ಇರ್ಬೇಕು: ಮುಟ್ಟು ಏರುಪೇರಾಗಿರ್ಬೇಕು, ಗಂಡಸರ ಹಾರ್ಮೋನ್ ಜಾಸ್ತಿ ಇರೋ ಲಕ್ಷಣ ಇಲ್ಲಾ ರಕ್ತದಲ್ಲಿ ಅದು ಜಾಸ್ತಿ ಇರ್ಬೇಕು, ಸ್ಕ್ಯಾನಲ್ಲಿ ಗುಳ್ಳೆ ಕಾಣ್ಬೇಕು, ಅದೂ ಇದೇ ತರ ಮಾಡೋ ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡ ಮೇಲೆ. (ಓದ್ತಿರೋ ಅಮ್ಮಂದಿರಿಗೆ ಒಂದು ಮಾತು, ಮೈನೆರೆದು ಎಂಟು ವರ್ಷ ಆಗೋ ತನಕ ಹುಡುಗೀರಿಗೆ ಸ್ಕ್ಯಾನ್ ನೋಡಿ ಪಿಸಿಒಡಿ ಅಂತ ಹೇಳ್ಬಾರದು, ಆ ವಯಸ್ಸಲ್ಲಿ ಗುಳ್ಳೆ ಕಾಣೋದು ಮಾಮೂಲು. 16 ವರ್ಷದ ಮಗಳಿಗೆ ಮುಂದೆ ಮಕ್ಕಳಾಗಲ್ಲ ಅಂತ ಈಗಲೇ ಹೆದರಿಸ್ಬೇಡಿ.) ಬೇರೆ ಕಾಯಿಲೆ ಅಂದ್ರೆ ಮುಖ್ಯವಾಗಿ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್. ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ಥೈರಾಯ್ಡ್ ಕಮ್ಮಿ ಇದ್ರೆ ತೂಕಾನೂ ಏರುತ್ತೆ, ಡೇಟೂ ಹೋಗುತ್ತೆ. ಪ್ರೊಲ್ಯಾಕ್ಟಿನ್ ಅನ್ನೋದು ಹಾಲು ಬರಿಸೋ ಹಾರ್ಮೋನ್, ಅದು ಜಾಸ್ತಿ ಆದ್ರೆ ಮೊಟ್ಟೆ ಬಿಡುಗಡೆ ನಿಲ್ಲುತ್ತೆ, ಕೆಲವರಿಗೆ ಮೊಲೆಯಿಂದ ಹಾಲಿನ ತರ ಹನಿಯುತ್ತೆ. ಇಲ್ಲಿ ಒಂದು ಕೇಳ್ಬೇಕು ನಿಮ್ಮನ್ನ: ಬೆಳಿಗ್ಗೆ ಖಾಲಿ ಹೊಟ್ಟೇಲಿ ಗ್ಯಾಸ್ ಮಾತ್ರೆ ತಗೊಳೋ ಅಭ್ಯಾಸ ಇದ್ಯಾ? ಟೀಚರ್‌ಗಳಲ್ಲಿ ತಿಂಡಿ ಬಿಟ್ಟು ಓಡೋರು ಜಾಸ್ತಿ, ಅದಕ್ಕೆ ಕೇಳ್ದೆ. ಕೆಲವು ಗ್ಯಾಸ್ ಮಾತ್ರೆಗಳಲ್ಲಿ ಡಾಂಪೆರಿಡೋನ್ ಅನ್ನೋದು ಸೇರಿರುತ್ತೆ, ಅದು ಪ್ರೊಲ್ಯಾಕ್ಟಿನ್ ಏರಿಸುತ್ತೆ, ತಿಂಗಳುಗಟ್ಲೆ ತಗೊಂಡ್ರೆ ಮುಟ್ಟೇ ಏರುಪೇರಾಗುತ್ತೆ. ಸ್ಟ್ರಿಪ್ ಹಿಂದೆ ಓದಿ ನೋಡಿ. ಇದರ ಜೊತೆ ಶುಗರ್ ಟೆಸ್ಟ್ ಮಾಡಿಸಿ, ಸಾಧ್ಯ ಆದ್ರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದ್ಮೇಲೆ ನೋಡೋದು, ಹಿಮೋಗ್ಲೋಬಿನ್ ಕೂಡ.

ಅತ್ತೆಯವರು ಹೇಳಿದ್ದಕ್ಕೆ ಬರ್ತೀನಿ. ಡೇಟ್ ಮುಂದೆ ಹಾಕೋ ಮಾತ್ರೆ ಅಂದ್ರೆ ನಾರೆಥಿಸ್ಟೆರೋನ್, ಒಳಪದರ ಉದುರದ ಹಾಗೆ ಹಿಡಿದಿಟ್ಟುಕೊಳ್ಳುತ್ತೆ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತೆ. ಆ ತಿಂಗಳ ಲೆಕ್ಕ ತಪ್ಪುತ್ತೆ ಅಷ್ಟೇ, ಎರಡು ಸಲ ತಗೊಂಡಿದ್ದಕ್ಕೆ ಒಂದೂವರೆ ವರ್ಷ ಡೇಟ್ ಎಳೆಯಲ್ಲ, ಬಂಜೆತನ ಅಂತೂ ಬರಲ್ಲ. ಹೀಗಂತ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳೋದನ್ನ ನಾನು ಒಪ್ಪಲ್ಲ. ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದೋರು, ಲಿವರ್ ತೊಂದರೆ ಇರೋರು ತಗೊಳ್ಳೋ ಹಾಗಿಲ್ಲ. ಮತ್ತೆ ನೀವೀಗ ಮಗುಗೆ ಕಾಯ್ತಿದೀರಿ, ಮುಂದೆ ಯಾವ ಹಬ್ಬಕ್ಕೂ ಬಸಿರಿದೆಯಾ ಅಂತ ಕಾರ್ಡ್ ಟೆಸ್ಟ್ ಮಾಡದೆ, ಡಾಕ್ಟರನ್ನ ಕೇಳದೆ ಆ ಮಾತ್ರೆ ಬಾಯಿಗೆ ಹಾಕ್ಬೇಡಿ. ಹೊರಗಾದಾಗ ಪೂಜೆಗೆ ಕೂರೋದು ಬಿಡೋದು ನಿಮ್ಮ ನಿಮ್ಮ ನಂಬಿಕೆ, ಅದರ ಬಗ್ಗೆ ನಾನು ಮಾತಾಡಲ್ಲ, ಆದ್ರೆ ಮಾತ್ರೆ ತಗೋ ಅಂತ ಒತ್ತಾಯ ಮಾಡಿ, ಆಮೇಲೆ ಆ ಮಾತ್ರೆಯಿಂದಾನೇ ನಿನಗೆ ಹೀಗಾಯ್ತು ಅಂತ ಸೊಸೆ ಮೇಲೇ ಹೊರಿಸೋದು ನ್ಯಾಯ ಅಲ್ಲ.

ಇನ್ನು ಏನ್ ಮಾಡ್ಬೇಕು. ಆ್ಯಪ್‌ನ 12-16 ಮರೆತುಬಿಡಿ. ಮುಟ್ಟು ನಿಂತಾಗಿಂದ ಮುಂದಿನ ಮುಟ್ಟಿನ ತನಕ ಎರಡು ಮೂರು ದಿನಕ್ಕೊಮ್ಮೆ ಸೇರಿದ್ರೆ ಮೊಟ್ಟೆ ಯಾವತ್ತು ಬಂದ್ರೂ ತಪ್ಪಲ್ಲ, ದಿನ ನೋಡ್ಕೊಂಡು ಸೇರೋ ಟೆನ್ಷನ್ನೂ ಇರಲ್ಲ. ಯಜಮಾನ್ರು ವಾರದ ಮಧ್ಯೆ ಒಂದು ರಾತ್ರಿ ಬರೋಕಾಗುತ್ತಾ ನೋಡಿ, ತಿಪಟೂರಿಗೆ ಟ್ರೇನ್ ಇದೆ, ಬುಧವಾರ ಸಂಜೆ ಹತ್ತಿ ಗುರುವಾರ ಬೆಳಿಗ್ಗೆ ಹೋದ್ರೂ ಆಯ್ತು, ಬೇಸಿಗೆ ರಜೆ ದಸರಾ ರಜೆಲಿ ನೀವು ಅಲ್ಲಿಗೆ ಹೋಗಿ. ಎಷ್ಟೋ ಜನರ ಟ್ರೀಟ್‌ಮೆಂಟ್ ಇಲ್ಲಿಂದಾನೇ ಶುರುವಾಗ್ಬೇಕು, ಆದ್ರೆ ಯಾರೂ ಕೇಳಲ್ಲ. ಮೂತ್ರದಲ್ಲಿ ನೋಡೋ ಓವ್ಯುಲೇಷನ್ ಕಿಟ್ ಪಿಸಿಒಡಿ ಇರೋರಿಗೆ ಅಷ್ಟು ನಂಬಿಕೆ ಇಲ್ಲ, ಎಲ್‌ಎಚ್ ಅನ್ನೋ, ಮೊಟ್ಟೆ ಬಿಡುಗಡೆ ಮಾಡಿಸೋ ಹಾರ್ಮೋನ್ ಮೊದಲೇ ಜಾಸ್ತಿ ಇರೋದ್ರಿಂದ ಸುಮ್ಸುಮ್ನೆ ಪಾಸಿಟಿವ್ ತೋರಿಸಬಹುದು. ಮೊಟ್ಟೆ ಬಂದಿದ್ಯಾ ಅಂತ ನೋಡೋ 21ನೇ ದಿನದ ಪ್ರೊಜೆಸ್ಟರಾನ್ ಟೆಸ್ಟ್ ಬರೆದುಕೊಟ್ರೆ ನಿಮ್ಮ ದಿನಗಳ ಲೆಕ್ಕ ಹೇಳಿ, ಅದನ್ನ ಮಾಡ್ಬೇಕಾಗಿರೋದು ಮುಂದಿನ ಮುಟ್ಟಿಗೆ ಒಂದು ವಾರ ಮುಂಚೆ, 40 ದಿನಕ್ಕೆ ಆಗೋರಿಗೆ 21ರಂದು ಮಾಡಿದ್ರೆ ಮೊಟ್ಟೆ ಬಂದೇ ಇಲ್ಲ ಅಂತ ತಪ್ಪು ಉತ್ತರ ಸಿಗುತ್ತೆ.

ತೂಕ ಇಳಿಸೋದು ಅಂದ್ರೆ ಮತ್ತೆ 58ಕ್ಕೆ ಹೋಗ್ಬೇಕು ಅಂತಲ್ಲ. 5 ಪರ್ಸೆಂಟ್ ಇಳಿದ್ರೂ ಬಹಳ ಜನಕ್ಕೆ ಡೇಟ್ ತಾನಾಗೇ ಹತ್ರ ಬರುತ್ತೆ, ನಿಮಗೆ ಅದು ಸುಮಾರು ಮೂರೂವರೆ ಕೆಜಿ. ಕೊಬ್ಬರಿ ಊರಲ್ಲಿದ್ದು ಕಾಯಿ ಬಿಡಿ ಅಂತ ನಾನು ಹೇಳಲ್ಲ, ಮುದ್ದೆ ಅನ್ನ ಯಾವುದಾದ್ರೂ ಒಂದು ಇಟ್ಕೊಳಿ, ಕಾಳು ಸೊಪ್ಪು ಮೊಟ್ಟೆ ಜಾಸ್ತಿ ಮಾಡಿ, ಸ್ಟಾಫ್ ರೂಮಲ್ಲಿ ಮೂರು ಸಲ ಬರೋ ಸಕ್ಕರೆ ಟೀ ಬಿಸ್ಕತ್ತು ಮೊದಲು ನಿಲ್ಲಿಸಿ, ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ. ಫೋಲಿಕ್ ಆ್ಯಸಿಡ್ ಇವತ್ತಿಂದಾನೇ ಶುರು ಮಾಡಿ, ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಮಗುವಿನ ಬೆನ್ನುಹುರಿ ರೂಪ ಆಗೋದು ನಿಮಗೆ ಬಸಿರು ಅಂತ ಗೊತ್ತಾಗೋ ಹೊತ್ತಿಗೇ, ಹಾಗಾಗಿ ಮುಂಚೆನೇ ಬೇಕು.

ಯಜಮಾನ್ರ ಟೆಸ್ಟ್ ಇದರ ಜೊತೆಗೇ ಆಗ್ಬೇಕು, ನಿಮ್ಮದೆಲ್ಲ ಮುಗಿದ ಮೇಲೆ ನೋಡೋಣ ಅನ್ನೋದು ಬೇಡ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯಿಂದಾನೂ ಕಾರಣ ಇರುತ್ತೆ. ಹೆಂಗಸಿಗೆ ಸ್ಕ್ಯಾನು, ರಕ್ತ, ಟ್ಯೂಬ್ ಟೆಸ್ಟು ಅಂತ ಎಷ್ಟೊಂದು ನೋವು, ಗಂಡಸಿಗಿರೋದು ಒಂದೇ ಒಂದು ಸರಳ ಟೆಸ್ಟು. ಎರಡರಿಂದ ಏಳು ದಿನ ಸೇರದೆ ಇದ್ದು ಸ್ಯಾಂಪಲ್ ಕೊಡ್ಬೇಕು, ಎಂಎಲ್‌ಗೆ 1 ಕೋಟಿ 60 ಲಕ್ಷ ವೀರ್ಯಾಣು ಇದ್ರೆ ಕೌಂಟ್ ಸಾಕು ಅಂತ ಡಬ್ಲ್ಯುಎಚ್‌ಒ ಲೆಕ್ಕ, ಎಷ್ಟು ಓಡಾಡ್ತಿವೆ ಅಂತಾನೂ ನೋಡ್ತಾರೆ. ಕಮ್ಮಿ ಬಂದ್ರೆ ಒಂದೇ ರಿಪೋರ್ಟ್ ನೋಡಿ ಎದೆ ಒಡ್ಕೋಬೇಡಿ, ಜೋರು ಜ್ವರ ಬಂದಿದ್ರೂ ಕಮ್ಮಿ ಬರುತ್ತೆ, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸ್ಬೇಕು. ಸಿಗರೇಟು ಗುಟ್ಕಾ ಇದ್ರೆ ಬಿಡ್ಲಿ, ಜಿಮ್‌ನಲ್ಲಿ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ತಗೋತಿದ್ರೆ ಅದನ್ನ ಡಾಕ್ಟರಿಗೆ ಮುಚ್ಚಿಡ್ದೆ ಹೇಳ್ಲಿ, ಅದು ವೀರ್ಯಾಣು ಉತ್ಪತ್ತಿನೇ ನಿಲ್ಲಿಸಿಬಿಡುತ್ತೆ.

35ರ ಒಳಗಿನವರು ಒಂದು ವರ್ಷ ನೋಡಿ ಬನ್ನಿ, 35 ದಾಟಿದೋರು ಆರು ತಿಂಗಳಿಗೇ ಬನ್ನಿ ಅಂತ ಹೇಳ್ತೀವಿ, ಆದ್ರೆ ಅದು ಡೇಟ್ ಸರಿ ಇರೋರಿಗೆ. ನಿಮ್ಮ ತರ 40-50 ದಿನಕ್ಕೆ ಹೋಗೋರು ಕಾಯೋ ಅಗತ್ಯ ಇಲ್ಲ. ಈ ಟೆಸ್ಟ್‌ಗಳಾದ ಮೇಲೂ ಡೇಟ್ ಎಳೀತಾನೇ ಇದ್ರೆ ಮೊಟ್ಟೆ ಬಲಿಸೋ ಮಾತ್ರೆ ಕೊಡ್ತಾರೆ, ಸಾಮಾನ್ಯವಾಗಿ ಲೆಟ್ರೋಜೋಲ್, ಮುಟ್ಟಾದ ಎರಡು ಮೂರನೇ ದಿನದಿಂದ ಐದು ದಿನ. ಇದನ್ನ ಗೂಗಲ್ ಮಾಡಿದ ತಕ್ಷಣ ಸ್ತನ ಕ್ಯಾನ್ಸರ್ ಔಷಧಿ ಅಂತ ಬರುತ್ತೆ, ಜೊತೆಗೆ 2011ರಲ್ಲಿ ನಮ್ಮ ದೇಶದಲ್ಲಿ ಬಂಜೆತನಕ್ಕೆ ಕೊಡಬಾರದು ಅಂತ ನಿಷೇಧ ಮಾಡಿದ್ದ ಸುದ್ದಿನೂ ಸಿಗುತ್ತೆ. ಹೆದರ್ಬೇಡಿ, ಕ್ಯಾನ್ಸರಿಗೂ ಕೊಡ್ತಾರೆ ನಿಜ, ನಿಷೇಧಾನೂ ಆಮೇಲೆ ತೆಗೆದ್ರು. 2014ರಲ್ಲಿ ಪಿಸಿಒಡಿ ಇದ್ದ ಹೆಂಗಸರ ಮೇಲೆ ಮಾಡಿದ ದೊಡ್ಡ ಅಧ್ಯಯನದಲ್ಲಿ ಹಳೇ ಕ್ಲೋಮಿಫೀನ್ ಮಾತ್ರೆಯಲ್ಲಿ ನೂರಕ್ಕೆ 19 ಜನಕ್ಕೆ ಮಗು ಆದ್ರೆ ಲೆಟ್ರೋಜೋಲ್‌ನಲ್ಲಿ 27 ಜನಕ್ಕೆ ಆಯ್ತು, ಈಗ ಮೊದಲ ಆಯ್ಕೆನೇ ಅದು. ಗರ್ಭ ಇಲ್ಲ ಅಂತ ಖಾತ್ರಿ ಮಾಡ್ಕೊಂಡೇ ತಗೋಬೇಕು, ಸ್ಕ್ಯಾನ್ ಮಾಡಿ ನೋಡ್ತಾ ಹೋಗೋ ಡಾಕ್ಟರ ಕೈಲೇ ತಗೋಬೇಕು. ಐವಿಎಫ್ ಮಾತು ನಿಮಗೆ ಈಗ ಬೇಡ, ಮೊದಲನೇ ಭೇಟಿಲೇ ಯಾರಾದ್ರೂ ಪ್ಯಾಕೇಜ್ ರೇಟ್ ಹೇಳಿದ್ರೆ ಎದ್ದು ಬಂದು ಇನ್ನೊಬ್ಬರನ್ನ ಕೇಳಿ.

ಮೂರು ತಿಂಗಳು ಮುಟ್ಟೇ ಆಗ್ಲಿಲ್ಲ ಅಂದ್ರೆ ಸುಮ್ನಿರ್ಬೇಡಿ, ಒಳಪದರ ದಪ್ಪ ಆಗ್ತಾ ಹೋಗುತ್ತೆ, ಅದನ್ನ ಮಾತ್ರೆ ಕೊಟ್ಟು ಉದುರಿಸ್ಬೇಕಾಗುತ್ತೆ. ಎಳ್ಳುಂಡೆ, ಪಪ್ಪಾಯ ತಿಂದು ಮುಟ್ಟು ಬರಿಸೋ ಪ್ರಯತ್ನ ಬಿಡಿ. ಇವತ್ತಿಗೆ 44 ದಿನ ಅಂತ ಬರೆದಿದೀರಿ, ಮಿಕ್ಕಿದ್ದೆಲ್ಲ ಆಮೇಲೆ, ನಾಳೆ ಬೆಳಿಗ್ಗೆ ಎದ್ದ ತಕ್ಷಣದ ಮೂತ್ರದಲ್ಲಿ ಕಾರ್ಡ್ ಟೆಸ್ಟ್ ಮಾಡಿ. ನೆಗೆಟಿವ್ ಬಂದು ಮುಟ್ಟೂ ಆಗ್ಲಿಲ್ಲ ಅಂದ್ರೆ ಒಂದು ವಾರ ಬಿಟ್ಟು ಮತ್ತೆ ಮಾಡಿ, ನಿಮ್ಮ ಮೊಟ್ಟೆ ತಡವಾಗಿ ಬರೋದಾದ್ರೆ ಟೆಸ್ಟೂ ತಡವಾಗೇ ಪಾಸಿಟಿವ್ ಆಗುತ್ತೆ. ಪಾಸಿಟಿವ್ ಬಂದು ಒಂದು ಕಡೆ ಹೊಟ್ಟೆ ಕೆಳಗೆ ಜೋರು ನೋವು, ತಲೆಸುತ್ತು, ಬ್ಲೀಡಿಂಗ್ ಇದ್ರೆ ಯಜಮಾನ್ರು ಶನಿವಾರ ಬರೋ ತನಕ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.